ಪ್ರೋಟೀನು ಅದೇ, ಮೇಲಿನ ಸಕ್ಕರೆ ಬೇರೆ: ಕ್ಯಾನ್ಸರ್ ಪತ್ತೆ ಮತ್ತು ಚಿಕಿತ್ಸೆಯಲ್ಲಿ ಗ್ಲೈಕೋಸೈಲೇಷನ್

ರಕ್ತಪರೀಕ್ಷೆಯ ಒಂದು ವರದಿಯಿಂದ ಶುರು ಮಾಡೋಣ. ಅದರಲ್ಲೊಂದು ಸಾಲು: ಸಿಎ 19-9. ಪಕ್ಕದಲ್ಲಿ ಒಂದು ಸಂಖ್ಯೆ, ಅದರ ಮುಂದೆ ಸಾಮಾನ್ಯ ಮಿತಿ ಮಿಲಿಲೀಟರಿಗೆ 37 ಯೂನಿಟ್ ಎಂಬ ಸೂಚನೆ. ಮನೆಯವರೊಬ್ಬರಿಗಾಗಿ ಇಂಥ ವರದಿ ಹಿಡಿದು ಡಾಕ್ಟರ ಕೋಣೆಯ ಹೊರಗೆ ಕಾದವರು ನಿಮ್ಮಲ್ಲೂ ಇರಬಹುದು. ಪ್ಯಾಂಕ್ರಿಯಾಸ್ ಕ್ಯಾನ್ಸರಿನ ಅನುಮಾನ ಬಂದಾಗ, ಅಥವಾ ಅದರ ಚಿಕಿತ್ಸೆ ಎತ್ತ ಸಾಗುತ್ತಿದೆ ಎಂದು ತಿಳಿಯಬೇಕಾದಾಗ ಮಾಡಿಸುವ ಪರೀಕ್ಷೆ ಇದು. ಆ ಸಂಖ್ಯೆ ಯಾವುದರ ಅಳತೆ ಎಂದು ಕೇಳಿದರೆ ಹೆಚ್ಚಿನವರು 'ಕ್ಯಾನ್ಸರ್ ಬಿಡುವ ಯಾವುದೋ ಪ್ರೋಟೀನು' ಅನ್ನುತ್ತಾರೆ. ಪ್ರೋಟೀನಲ್ಲ, ಸಕ್ಕರೆ. ನಾಲ್ಕು ಸಕ್ಕರೆ ಘಟಕಗಳು ಒಂದು ಗೊತ್ತಾದ ಕ್ರಮದಲ್ಲಿ ಕೂಡಿಕೊಂಡ ಪುಟ್ಟ ರಚನೆ. ಅದರ ಹೆಸರು ಸಯಾಲಿಲ್ ಲೂಯಿಸ್-ಎ. ರಕ್ತದಲ್ಲಿ ಅದು ದೊಡ್ಡ ದೊಡ್ಡ ಪ್ರೋಟೀನುಗಳ ಮೇಲೆ ಕೂತು ಓಡಾಡುತ್ತದೆ. ಯಾವ ಪ್ರೋಟೀನಿನ ಮೇಲೆ ಕೂತಿದೆ ಎಂಬುದು ಈ ಪರೀಕ್ಷೆಗೆ ಬೇಕಿಲ್ಲ.

ಕ್ಯಾನ್ಸರ್ ಎಂದೊಡನೆ ನಾವು ಜೀನು, ಮ್ಯುಟೇಷನ್, ಪ್ರೋಟೀನು ಎಂದು ಮಾತಾಡುತ್ತೇವೆ. ಸಕ್ಕರೆಯ ಹೆಸರು ಬರುವುದು ಪಥ್ಯದ ಮಾತಿನಲ್ಲಿ ಮಾತ್ರ. ಆದರೆ ಆಸ್ಪತ್ರೆಗಳಲ್ಲಿ ದಿನನಿತ್ಯ ಮಾಡುವ ಟ್ಯೂಮರ್ ಮಾರ್ಕರ್ (ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಕೊಡುವ ಅಣು) ಪರೀಕ್ಷೆಗಳನ್ನು ನೋಡಿ. ಸಿಎ 19-9, ಸಿಎ 125, ಸಿಎ 15-3, ಸಿಇಎ, ಎಎಫ್‌ಪಿ, ಪಿಎಸ್‌ಎ. ಇವುಗಳಲ್ಲಿ ಒಂದು ಸ್ವತಃ ಸಕ್ಕರೆ, ಉಳಿದವು ಸಕ್ಕರೆ ಹೊತ್ತ ಪ್ರೋಟೀನುಗಳು. ಆದರೂ ಇವುಗಳಲ್ಲಿ ಬಹುಪಾಲು ಪರೀಕ್ಷೆಗಳು ಅಣು ಎಷ್ಟಿದೆ ಎಂದು ಎಣಿಸುತ್ತವೆಯೇ ಹೊರತು ಅದರ ಮೇಲಿನ ಸಕ್ಕರೆ ಹೇಗಿದೆ ಎಂದು ನೋಡುವುದಿಲ್ಲ. ಇವತ್ತು ನಾನು ಹೇಳಹೊರಟಿರುವುದು ಈ ಎರಡನೆಯ ಪ್ರಶ್ನೆಯ ಬಗ್ಗೆ. 'ಎಷ್ಟು' ಎಂಬಲ್ಲಿ ಗೊಂದಲವಾಗುವ ಎಷ್ಟೋ ಕಡೆ 'ಹೇಗೆ' ಎಂದು ಕೇಳಿದರೆ ದಾರಿ ಕಾಣುತ್ತದೆ. ಚಿಕಿತ್ಸೆಯ ವಿಷಯದಲ್ಲೂ ಅಷ್ಟೇ.

ಮೊದಲು ಈ ಸಕ್ಕರೆ ಅಲ್ಲಿಗೆ ಹೇಗೆ ಬಂತು ಎಂದು ನೋಡೋಣ. ಜೀವಕೋಶದೊಳಗೆ ತಯಾರಾದ ಪ್ರೋಟೀನಿಗೆ ಕಿಣ್ವಗಳು ಸಕ್ಕರೆ ಸರಪಳಿ ಜೋಡಿಸುವ ಕೆಲಸಕ್ಕೆ ಗ್ಲೈಕೋಸೈಲೇಷನ್ ಎನ್ನುತ್ತಾರೆ. ಆ ಸರಪಳಿ ಗ್ಲೈಕಾನ್. ಕೊಬ್ಬಿನ ಅಣುಗಳಿಗೂ ಹೀಗೆ ಸಕ್ಕರೆ ಸೇರುತ್ತದೆ. ಆ ಮಾತು ಮುಂದೆ ಬರುತ್ತದೆ. ನಮ್ಮ ದೇಹದ ಪ್ರೋಟೀನುಗಳಲ್ಲಿ ಅರ್ಧದಷ್ಟಾದರೂ ಹೀಗೆ ಸಕ್ಕರೆ ಹೊತ್ತಿವೆ ಎಂಬುದು ಸಾಮಾನ್ಯ ಅಂದಾಜು. ಕೋಶದ ಹೊರಮೈ ಮೇಲಿರುವ, ಕೋಶದಿಂದ ಹೊರಗೆ ಸುರಿಯುವ ಪ್ರೋಟೀನುಗಳ ಮಟ್ಟಿಗಂತೂ ಹೆಚ್ಚುಕಡಿಮೆ ಎಲ್ಲವೂ.

ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಆಸ್ಪ್ಯಾರಜೀನ್ ಎಂಬ ಅಮೈನೋ ಆಮ್ಲಕ್ಕೆ ಸರಪಳಿ ಅಂಟುತ್ತದೆ. ಕೋಶದೊಳಗಿನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಭಾಗದಲ್ಲಿ 14 ಸಕ್ಕರೆಗಳ ಒಂದು ಸಿದ್ಧ ಗೊಂಚಲು ಒಮ್ಮೆಗೇ ಬಂದು ಕೂರುತ್ತದೆ; ಆಮೇಲೆ ಅದನ್ನು ಕತ್ತರಿಸಿ, ಗಾಲ್ಜಿ ಎಂಬ ಭಾಗದಲ್ಲಿ ಹೊಸ ತುದಿಗಳನ್ನು ಸೇರಿಸುತ್ತಾರೆ. ಸೇರಿಸುವವರು ಯಾರೆಂದರೆ ಕಿಣ್ವಗಳು. ಎರಡನೆಯದರಲ್ಲಿ ಸೆರೀನ್ ಅಥವಾ ಥ್ರಿಯೋನೀನ್ ಮೇಲೆ ಒಂದೊಂದೇ ಸಕ್ಕರೆ ಕೂಡುತ್ತ ಹೋಗುತ್ತದೆ. ಮೊದಲನೆಯದಕ್ಕೆ ಎನ್-ಗ್ಲೈಕಾನ್, ಎರಡನೆಯದಕ್ಕೆ ಓ-ಗ್ಲೈಕಾನ್ ಎಂದು ಹೆಸರು. ಈ ಎರಡು ಹೆಸರು ನೆನಪಿಟ್ಟರೆ ಸಾಕು.

ಇಲ್ಲಿ ಒಂದು ವಿಚಾರವನ್ನು ನಿಧಾನವಾಗಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಪ್ರೋಟೀನಿನ ಅಮೈನೋ ಆಮ್ಲಗಳ ಸಾಲು ಡಿಎನ್‌ಎಯಲ್ಲಿ ಅಕ್ಷರ ಅಕ್ಷರವಾಗಿ ಬರೆದಿರುತ್ತದೆ. ಸಕ್ಕರೆ ಸರಪಳಿಯ ಸಾಲು ಎಲ್ಲಿಯೂ ಬರೆದಿಲ್ಲ. ಡಿಎನ್‌ಎಯಲ್ಲಿ ಇರುವುದು ಸಕ್ಕರೆ ಜೋಡಿಸುವ ಕಿಣ್ವಗಳ ವಿವರ ಮಾತ್ರ. ಅಂಥ ಕಿಣ್ವಗಳ ಜೀನುಗಳು ಮನುಷ್ಯರಲ್ಲಿ ಸುಮಾರು 200. ಯಾವ ಕಿಣ್ವ ಎಷ್ಟಿದೆ, ಗಾಲ್ಜಿಯ ಯಾವ ಪದರದಲ್ಲಿದೆ, ಅಲ್ಲಿ ಆಮ್ಲೀಯತೆ ಎಷ್ಟು, ಕಚ್ಚಾ ಸಕ್ಕರೆಯ ಸರಬರಾಜು ಹೇಗಿದೆ, ಪ್ರೋಟೀನು ಅಲ್ಲಿಂದ ಎಷ್ಟು ಬೇಗ ದಾಟಿಹೋಗುತ್ತಿದೆ, ಇಷ್ಟರ ಮೇಲೆ ಕೊನೆಯ ಸರಪಳಿಯ ಆಕಾರ ನಿಂತಿದೆ. ಹಾಗಾಗಿ ಒಂದೇ ಜೀನಿನಿಂದ ಬಂದ ಒಂದೇ ಪ್ರೋಟೀನು, ಒಂದೇ ಕೋಶದಿಂದಲೂ ಬೇರೆಬೇರೆ ಸಕ್ಕರೆ ತೊಟ್ಟು ಹೊರಬರುತ್ತದೆ. ಕೋಶದ ಸ್ಥಿತಿ ಬದಲಾದರೆ ಜೀನಿನಲ್ಲಿ ಒಂದಕ್ಷರವೂ ಬದಲಾಗದೆ ಸಕ್ಕರೆ ಬದಲಾಗುತ್ತದೆ. ಡಿಎನ್‌ಎ ಓದಿ ಇದನ್ನು ಊಹಿಸಲಾಗದು. ಈ ಕ್ಷೇತ್ರ ಜೀನುಗಳ ಅಧ್ಯಯನಕ್ಕಿಂತ ದಶಕಗಳಷ್ಟು ಹಿಂದುಳಿದದ್ದಕ್ಕೂ ಇದೇ ಕಾರಣ. ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸಿಕೊಳ್ಳಬಹುದು. ಗ್ಲೈಕಾನನ್ನು ಹಾಗೆ ಹೆಚ್ಚಿಸಿಕೊಳ್ಳುವ ಉಪಾಯವಿಲ್ಲ. ಮಾದರಿಯಲ್ಲಿ ಇದ್ದಷ್ಟನ್ನೇ ಅಳೆಯಬೇಕು.

ಸಕ್ಕರೆಯ ಸಣ್ಣ ವ್ಯತ್ಯಾಸ ದೊಡ್ಡ ಪರಿಣಾಮ ಮಾಡುತ್ತದೆಯೇ ಎಂದು ಅನುಮಾನಿಸುವವರಿಗೆ ನಿಮ್ಮದೇ ರಕ್ತದ ಗುಂಪು ಸಾಕ್ಷಿ. ಎ ಗುಂಪಿಗೂ ಬಿ ಗುಂಪಿಗೂ ಇರುವ ವ್ಯತ್ಯಾಸ ಕೆಂಪು ರಕ್ತಕಣದ ಮೇಲಿನ ಸರಪಳಿಯ ತುದಿಯ ಒಂದು ಸಕ್ಕರೆ. ಎ ಗುಂಪಿನವರಲ್ಲಿ ಅದು ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್, ಬಿ ಗುಂಪಿನವರಲ್ಲಿ ಗ್ಯಾಲಕ್ಟೋಸ್, ಓ ಗುಂಪಿನವರಲ್ಲಿ ಎರಡೂ ಇಲ್ಲ. ಎ ಕಿಣ್ವಕ್ಕೂ ಬಿ ಕಿಣ್ವಕ್ಕೂ ನಾಲ್ಕೇ ಅಮೈನೋ ಆಮ್ಲಗಳ ವ್ಯತ್ಯಾಸ. ಗುಂಪು ತಪ್ಪಿ ರಕ್ತ ಕೊಟ್ಟರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ಒಂದು ಸಕ್ಕರೆಯ ತುದಿಯನ್ನು ನಮ್ಮ ದೇಹ ಅಷ್ಟು ಕಟ್ಟುನಿಟ್ಟಾಗಿ ಓದುತ್ತದೆ.

ಮುಂದಿನ ಸಾಲಿನಲ್ಲಿ ಕೂತ ಒಬ್ಬರ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ, ಅದು ಯಾವುದೆಂದು ಊಹಿಸಬಲ್ಲೆ. ಸಕ್ಕರೆ ತಿನ್ನುವುದನ್ನು ಬಿಟ್ಟರೆ ಕ್ಯಾನ್ಸರ್ ಉಪವಾಸ ಬೀಳುತ್ತದೆಯೇ? ವಿಷಯಾಂತರವಾದರೂ ಹೇಳಿಬಿಡುತ್ತೇನೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಹೆಚ್ಚಾಗಿ ಎಳೆದುಕೊಳ್ಳುತ್ತವೆ ಎಂಬುದು ನಿಜ. ಓಟೊ ವಾರ್‌ಬುರ್ಗ್ 1920ರ ದಶಕದಲ್ಲೇ ತೋರಿಸಿದ್ದು. ಪೆಟ್ ಸ್ಕ್ಯಾನ್ ನಡೆಯುವುದೇ ಆ ಗುಣದ ಮೇಲೆ. ವಿಕಿರಣಶೀಲ ಫ್ಲೋರಿನ್ ಹೊತ್ತ ಗ್ಲೂಕೋಸಿನಂಥ ಅಣು ಗೆಡ್ಡೆಯೊಳಗೆ ಹೊಕ್ಕು ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ಅದು ಇಂಧನದ ಕಥೆ, ನಾನು ಹೇಳುತ್ತಿರುವುದು ಕೋಶದ ಹೊರಮೈಯ ಕಥೆ. ಇನ್ನು ಪಥ್ಯದ ವಿಷಯ: ನೀವು ಸಿಹಿ ಬಿಟ್ಟರೂ ದೇಹ ರಕ್ತದಲ್ಲಿ ಗ್ಲೂಕೋಸನ್ನು ಒಂದು ಮಟ್ಟದಲ್ಲಿ ಇಟ್ಟೇ ಇಡುತ್ತದೆ, ಬೇಕಾದರೆ ಪ್ರೋಟೀನನ್ನು ಒಡೆದು ಯಕೃತ್ತಿನಲ್ಲಿ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಗ್ಲೈಕಾನಿಗೆ ಬೇಕಾದ ಫ್ಯೂಕೋಸ್, ಸಯಾಲಿಕ್ ಆಮ್ಲ ಎಂಬ ಸಕ್ಕರೆಗಳನ್ನು ಕೋಶಗಳು ತಾವೇ ತಯಾರಿಸಿಕೊಳ್ಳುತ್ತವೆ. ಸಕ್ಕರೆ ಕಡಿಮೆ ತಿನ್ನಲು ಬೇರೆ ಒಳ್ಳೆಯ ಕಾರಣಗಳಿವೆ. ಗೆಡ್ಡೆಯನ್ನು ಹಸಿವಿನಿಂದ ಸಾಯಿಸುವುದು ಅವುಗಳಲ್ಲಿ ಒಂದಲ್ಲ.

ಈಗ ಮೂಲಕ್ಕೆ ಬರೋಣ. ಕೋಶ ಕ್ಯಾನ್ಸರಿಗೆ ತಿರುಗಿದಾಗ ಸಕ್ಕರೆಯಲ್ಲಿ ಏನು ಬದಲಾಗುತ್ತದೆ?

ಹಲವು ಬದಲಾವಣೆಗಳು ಮತ್ತೆಮತ್ತೆ ಕಾಣುತ್ತವೆ. ಒಂದು, ಓ-ಗ್ಲೈಕಾನ್‌ಗಳು ಮೊಟಕಾಗುತ್ತವೆ. ಉದ್ದಕ್ಕೆ ಬೆಳೆಯಬೇಕಿದ್ದ ಸರಪಳಿ ಒಂದೇ ಸಕ್ಕರೆಗೆ ನಿಂತುಬಿಡುತ್ತದೆ. ಅದಕ್ಕೆ ಟಿಎನ್ ಪ್ರತಿಜನಕ ಎಂದು ಹೆಸರು (ಪ್ರತಿಜನಕ ಎಂದರೆ ರೋಗನಿರೋಧಕ ವ್ಯವಸ್ಥೆ ಗುರುತಿಸಬಲ್ಲ ರಚನೆ). ಅದರ ಮೇಲೆ ಒಂದು ಸಯಾಲಿಕ್ ಆಮ್ಲ ಕೂತರೆ ಸಯಾಲಿಲ್-ಟಿಎನ್. ಯಾಕೆ ನಿಲ್ಲುತ್ತದೆ ಎಂಬುದಕ್ಕೆ ಒಂದು ಸ್ವಾರಸ್ಯದ ಕಾರಣ ಸಿಕ್ಕಿದೆ. ಎರಡನೆಯ ಸಕ್ಕರೆ ಜೋಡಿಸುವ ಕಿಣ್ವ ಸರಿಯಾಗಿ ಮಡಚಿಕೊಳ್ಳಲು ಕಾಸ್ಮಿಕ್ ಎಂಬ ಸಹಾಯಕ ಪ್ರೋಟೀನು ಬೇಕು. ಕೆಲವು ಗೆಡ್ಡೆಗಳಲ್ಲಿ ಈ ಸಹಾಯಕನ ಜೀನೇ ಕೆಟ್ಟಿರುತ್ತದೆ ಅಥವಾ ಅದರ ಬಾಯಿ ಮುಚ್ಚಿರುತ್ತದೆ. ಸಹಾಯಕ ಇಲ್ಲದೆ ಕಿಣ್ವ ನಿಲ್ಲುವುದಿಲ್ಲ, ಕಿಣ್ವ ಇಲ್ಲದೆ ಸರಪಳಿ ಬೆಳೆಯುವುದಿಲ್ಲ. ಸ್ತನ ಕ್ಯಾನ್ಸರಿನಲ್ಲಿ ಎಂಯುಸಿ1 ಎಂಬ ಮ್ಯೂಸಿನ್‌ಗೆ (ಮೈತುಂಬ ಓ-ಗ್ಲೈಕಾನ್ ಹೊತ್ತ ಪ್ರೋಟೀನು) ಆಗುವುದೂ ಇಂಥದ್ದೇ: ಉದ್ದ ಸಕ್ಕರೆಗಳ ಅಡಿಯಲ್ಲಿ ಮುಚ್ಚಿಹೋಗಿದ್ದ ಪ್ರೋಟೀನಿನ ಬೆನ್ನೆಲುಬು, ಸಕ್ಕರೆ ಮೊಟಕಾದ ಕೂಡಲೇ ಹೊರಗೆ ಕಾಣತೊಡಗುತ್ತದೆ.

ಎರಡು, ಎನ್-ಗ್ಲೈಕಾನ್‌ಗಳು ಅದರ ವಿರುದ್ಧ ದಿಕ್ಕಿಗೆ ಹೋಗುತ್ತವೆ, ಹೆಚ್ಚು ಕವಲೊಡೆಯುತ್ತವೆ. ಎಂಗ್ಯಾಟ್5 ಎಂಬ ಜೀನಿನ ಕಿಣ್ವ ಈ ಕವಲು ಹಾಕುತ್ತದೆ. ಈ ಕವಲಿಗೂ ಗೆಡ್ಡೆ ಬೇರೆಡೆ ಹರಡುವ ಗುಣಕ್ಕೂ ನಂಟಿದೆ ಎಂದು 1987ರಲ್ಲೇ ಜೇಮ್ಸ್ ಡೆನ್ನಿಸ್ ಮತ್ತು ಸಂಗಡಿಗರು ತೋರಿಸಿದರು. ಆ ಜೀನನ್ನು ತೆಗೆದುಹಾಕಿದ ಇಲಿಗಳಲ್ಲಿ ಸ್ತನದ ಗೆಡ್ಡೆ ನಿಧಾನವಾಗಿ ಬೆಳೆಯಿತು, ಹರಡುವುದೂ ಕಡಿಮೆಯಾಯಿತು. ಮೂರನೆಯದು ಸರಪಳಿಯ ಬುಡದಲ್ಲಿ ಫ್ಯೂಕೋಸ್ ಸೇರುವುದು. ನಾಲ್ಕನೆಯದು ತುದಿಗಳಲ್ಲಿ ಸಯಾಲಿಕ್ ಆಮ್ಲ ಹೆಚ್ಚುವುದು.

ಇವು ಬರೀ ಗುರುತುಗಳೋ, ರೋಗದ ಪಾಲುದಾರರೋ? ಒಂದು ಉದಾಹರಣೆ ಕೊಡುತ್ತೇನೆ. ಗಾಯವಾದ ಜಾಗಕ್ಕೆ ಬಿಳಿ ರಕ್ತಕಣಗಳು ಹೋಗಬೇಕಾದರೆ ರಕ್ತನಾಳದ ಒಳಗೋಡೆಯನ್ನು ಹಿಡಿದು ಉರುಳುತ್ತ ನಿಲ್ಲಬೇಕು. ಗೋಡೆಯ ಮೇಲೆ ಸೆಲೆಕ್ಟಿನ್ ಎಂಬ ಪ್ರೋಟೀನು ಇರುತ್ತದೆ, ಬಿಳಿ ಕಣದ ಮೇಲೆ ಸಯಾಲಿಲ್ ಲೂಯಿಸ್-ಎಕ್ಸ್ ಎಂಬ ಸಕ್ಕರೆ ಇರುತ್ತದೆ, ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಕ್ಯಾನ್ಸರ್ ಕೋಶ ಇದೇ ಸಕ್ಕರೆಯನ್ನೋ ಅದರ ಸೋದರ ಸಯಾಲಿಲ್ ಲೂಯಿಸ್-ಎಯನ್ನೋ ತೊಟ್ಟರೆ ಅದೇ ಸೌಲಭ್ಯ ಅದಕ್ಕೂ ಸಿಗುತ್ತದೆ. ಮೂಲ ಗೆಡ್ಡೆಯಿಂದ ಕಳಚಿ ರಕ್ತದಲ್ಲಿ ತೇಲುತ್ತ ಹೋಗಿ ದೂರದ ಅಂಗದಲ್ಲಿ ಇಳಿಯಲು ಹಿಡಿಕೆ ಸಿಕ್ಕಿತು. ಈಗ ಶುರುವಿನ ವರದಿಯ ಸಾಲನ್ನು ನೆನೆಯಿರಿ. ಸಿಎ 19-9 ಎಂದರೆ ಇದೇ ಸಯಾಲಿಲ್ ಲೂಯಿಸ್-ಎ.

ಈ ಹಿಡಿತವನ್ನೇ ತಡೆದರೆ ಹೇಗೆ ಎಂಬ ಯೋಚನೆ ಸಹಜವಾಗಿ ಬಂತು. ಉಪ್ರೊಲೆಸೆಲಾನ್ ಎಂಬ ಔಷಧ ಸೆಲೆಕ್ಟಿನ್‌ಗಳಲ್ಲೊಂದಾದ ಇ-ಸೆಲೆಕ್ಟಿನ್ನನ್ನು ತಡೆಯುತ್ತದೆ. ತೀವ್ರ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಅದನ್ನು ಕೊಟ್ಟು ನಡೆಸಿದ ಮೂರನೆಯ ಹಂತದ ಪರೀಕ್ಷೆ 2024ರಲ್ಲಿ ಗುರಿ ಮುಟ್ಟಲಿಲ್ಲ. ರೋಗಿಗಳ ಆಯಸ್ಸು ಗಣನೀಯವಾಗಿ ಹೆಚ್ಚಲಿಲ್ಲ. ಪ್ರಯೋಗಾಲಯದ ಒಳ್ಳೆಯ ತರ್ಕ ಹಾಸಿಗೆಯ ಪಕ್ಕದಲ್ಲಿ ಸೋಲುವುದು ಈ ಕ್ಷೇತ್ರಕ್ಕೆ ಹೊಸದಲ್ಲ. ಇನ್ನೂ ಇಂಥವು ಬರುತ್ತವೆ.

ಪತ್ತೆಯ ವಿಷಯಕ್ಕೆ ಬರೋಣ. ಸಿಎ 19-9 ಪರೀಕ್ಷೆಯ ಹಿಂದಿನ ಪ್ರತಿಕಾಯ (ಆಂಟಿಬಾಡಿ, ಗೊತ್ತಾದ ಗುರಿಯನ್ನು ಹುಡುಕಿ ಹಿಡಿಯುವ ಪ್ರೋಟೀನು) 1979ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಇನ್‌ಸ್ಟಿಟ್ಯೂಟ್‌ನಲ್ಲಿ ಹಿಲರಿ ಕೊಪ್ರೋವ್‌ಸ್ಕಿ ಅವರ ತಂಡಕ್ಕೆ ಸಿಕ್ಕಿತು. ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳನ್ನು ಇಲಿಗೆ ಚುಚ್ಚಿ ಪಡೆದ ಪ್ರತಿಕಾಯ ಅದು. ಅದು ಹಿಡಿಯುತ್ತಿರುವುದು ಸಕ್ಕರೆಯನ್ನು ಎಂದು ಖಚಿತವಾದದ್ದು ಆಮೇಲೆ. ಈ ಪರೀಕ್ಷೆಯ ಎರಡು ಮಿತಿಗಳು ಸಕ್ಕರೆಯ ಜೀವಶಾಸ್ತ್ರದಿಂದಲೇ ಹುಟ್ಟಿದವು, ಅವನ್ನು ತಿಳಿಯದೆ ವರದಿ ಓದುವುದು ಅಪಾಯ.

ಮೊದಲ ಮಿತಿ: ಈ ಸಕ್ಕರೆಯನ್ನು ಕಟ್ಟಲು ಎಫ್‌ಯುಟಿ3 ಎಂಬ ಜೀನಿನ ಕಿಣ್ವ ಬೇಕು. ಲೂಯಿಸ್ ರಕ್ತಗುಂಪನ್ನು ನಿರ್ಧರಿಸುವುದೂ ಅದೇ ಜೀನು. ನೂರರಲ್ಲಿ 5ರಿಂದ 10 ಜನರಲ್ಲಿ, ಕೆಲವು ಜನಸಮುದಾಯಗಳಲ್ಲಿ ಇನ್ನೂ ಹೆಚ್ಚು ಜನರಲ್ಲಿ, ಈ ಕಿಣ್ವ ಕೆಲಸ ಮಾಡುವುದಿಲ್ಲ. ಅವರಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಎಷ್ಟೇ ಬೆಳೆದಿದ್ದರೂ ಸಿಎ 19-9 ಏರುವುದಿಲ್ಲ, ಏರಿದರೂ ಅತ್ಯಲ್ಪ. ವರದಿ 'ನಾರ್ಮಲ್' ಎನ್ನುತ್ತದೆ. ರೋಗಿ ಕ್ಯಾನ್ಸರ್ ಇಲ್ಲವೆಂದುಕೊಳ್ಳುತ್ತಾನೆ. ವಾಸ್ತವದಲ್ಲಿ ಆ ಪರೀಕ್ಷೆ ಅವನ ಮಟ್ಟಿಗೆ ಏನನ್ನೂ ಹೇಳಿಲ್ಲ. ಎರಡನೆಯ ಮಿತಿ: ಈ ಸಕ್ಕರೆ ಹೊತ್ತ ಮ್ಯೂಸಿನ್‌ಗಳನ್ನು ಆರೋಗ್ಯವಂತರ ಪಿತ್ತನಾಳದ ಕೋಶಗಳೂ ತಯಾರಿಸುತ್ತವೆ, ಅವು ಪಿತ್ತದ ಜೊತೆ ಹರಿದುಹೋಗುತ್ತವೆ. ನಾಳದಲ್ಲಿ ಒಂದು ಕಲ್ಲು ಸಿಕ್ಕಿಕೊಂಡರೆ ಪಿತ್ತ ಕಟ್ಟಿ, ಕಾಮಾಲೆ ಬಂದು, ಸಿಎ 19-9 ನೂರುಗಟ್ಟಲೆ ಏರಬಹುದು. ಕ್ಯಾನ್ಸರ್ ಇಲ್ಲದೆಯೇ. ಅದಕ್ಕೇ ಅಡಚಣೆ ತೆಗೆದು ಕಾಮಾಲೆ ಇಳಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ರೋಗಲಕ್ಷಣವಿಲ್ಲದವರು ಆರೋಗ್ಯ ತಪಾಸಣೆಯ ಪ್ಯಾಕೇಜಿನಲ್ಲಿ ಈ ಪರೀಕ್ಷೆಯೂ ಇದೆಯೆಂದು ಮಾಡಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಸಿಗುವುದು ಸುಳ್ಳು ಭಯ ಅಥವಾ ಸುಳ್ಳು ಧೈರ್ಯ.

ಸಿಎ 125ರ ಕಥೆ ಇದಕ್ಕಿಂತ ನೋವಿನದು. ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು 1981ರಲ್ಲಿ ವರದಿ ಮಾಡಿದ ಪ್ರತಿಕಾಯದಿಂದ ಬಂದ ಪರೀಕ್ಷೆ; ಅಂಡಾಶಯದ ಕ್ಯಾನ್ಸರಿನ ಚಿಕಿತ್ಸೆಯನ್ನು ಹಿಂಬಾಲಿಸಲು ಇಂದಿಗೂ ಉಪಯುಕ್ತ. ಆದರೆ ಎಲ್ಲ ಮಹಿಳೆಯರಿಗೂ ಮಾಡಿ ಮೊದಲೇ ಪತ್ತೆ ಹಚ್ಚೋಣ ಎಂದು ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿ ದೀರ್ಘ ಅಧ್ಯಯನ ನಡೆಸಿದರು. 2021ರಲ್ಲಿ ಫಲಿತಾಂಶ ಬಂತು. ಸಿಎ 125ನ್ನು ಕಾಲಕಾಲಕ್ಕೆ ಅಳೆದ ಗುಂಪಿನಲ್ಲಿ ಹೆಚ್ಚು ಕ್ಯಾನ್ಸರ್‌ಗಳು ಆರಂಭದ ಹಂತದಲ್ಲೇ ಸಿಕ್ಕವು, ಆದರೆ ಆ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಸಿಎ 125 ಎಂಯುಸಿ16 ಎಂಬ ಭಾರಿ ಮ್ಯೂಸಿನ್‌ನ ಭಾಗ. ಎಂಡೊಮೆಟ್ರಿಯೋಸಿಸ್‌ನಲ್ಲಿ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ತೊಂದರೆ), ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯರಲ್ಲಿ, ಹೊಟ್ಟೆಯ ಕ್ಷಯದಲ್ಲಿ, ಎಲ್ಲೆಲ್ಲೂ ಅದು ಏರುತ್ತದೆ. ಇಲ್ಲಿ 'ಹೇಗೆ' ಎಂಬ ಪ್ರಶ್ನೆ ನೆರವಾಗಬಹುದು ಎಂಬ ಆಸೆ ಇದೆ. ಕ್ಯಾನ್ಸರಿನಿಂದ ಬಂದ ಸಿಎ 125ರ ಮೇಲೆ ಮೊಟಕು ಸಕ್ಕರೆ ಸಯಾಲಿಲ್-ಟಿಎನ್ ಹೆಚ್ಚು, ಎಂಡೊಮೆಟ್ರಿಯೋಸಿಸ್‌ನಿಂದ ಬಂದದ್ದರ ಮೇಲೆ ಕಡಿಮೆ ಎಂದು ಅಧ್ಯಯನಗಳು ಕಂಡಿವೆ. ಅದನ್ನು ಅಳೆಯುವುದು ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಆಸೆಯ ಹಂತ ದಾಟಿ ಆಸ್ಪತ್ರೆಗೆ ಬಂದ ಉದಾಹರಣೆ ಬೇಕೆಂದರೆ ಯಕೃತ್ತಿನ ಕಡೆ ತಿರುಗಬೇಕು. ಎಎಫ್‌ಪಿ ಎಂಬುದು ಭ್ರೂಣದಲ್ಲಿ ಹೇರಳವಾಗಿರುವ ಪ್ರೋಟೀನು. ದೊಡ್ಡವರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಯಕೃತ್ತಿನ ಕ್ಯಾನ್ಸರಿನಲ್ಲಿ ಮತ್ತೆ ಏರುತ್ತದೆ. ತೊಡಕು ಏನೆಂದರೆ ಹೆಪಟೈಟಿಸ್ ಮತ್ತು ಸಿರೋಸಿಸ್‌ನಲ್ಲೂ ಸ್ವಲ್ಪ ಏರುತ್ತದೆ, ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚಿರುವವರೂ ಅವರೇ. ಯಾರನ್ನು ಪರೀಕ್ಷಿಸಬೇಕೋ ಅವರಲ್ಲೇ ಪರೀಕ್ಷೆ ಮಂಕಾಗುತ್ತದೆ. ಎಎಫ್‌ಪಿ ಮೇಲೆ ಇರುವುದು ಒಂದೇ ಒಂದು ಎನ್-ಗ್ಲೈಕಾನ್. ಕ್ಯಾನ್ಸರಿನಿಂದ ಬಂದ ಎಎಫ್‌ಪಿಯಲ್ಲಿ ಆ ಗ್ಲೈಕಾನಿನ ಬುಡಕ್ಕೆ ಒಂದು ಫ್ಯೂಕೋಸ್ ಅಂಟಿರುತ್ತದೆ. ಬರೀ ಹೆಪಟೈಟಿಸ್‌ನಿಂದ ಬಂದದ್ದರಲ್ಲಿ ಬಹುತೇಕ ಇರುವುದಿಲ್ಲ. ಈ ಫ್ಯೂಕೋಸ್ ಇದೆಯೋ ಇಲ್ಲವೋ ಎಂದು ಗುರುತಿಸಿದ್ದು ಯಾವುದರಿಂದ ಗೊತ್ತೇ? ಮಸೂರ ಬೇಳೆಯಿಂದ ತೆಗೆದ ಒಂದು ಪ್ರೋಟೀನಿನಿಂದ. ಅದಕ್ಕೆ ಅಂಟಿಕೊಳ್ಳುವ ಎಎಫ್‌ಪಿಗೆ ಎಎಫ್‌ಪಿ-ಎಲ್3 ಎಂದು ಹೆಸರು. ಒಟ್ಟು ಎಎಫ್‌ಪಿಯಲ್ಲಿ ಎಲ್3ರ ಪಾಲು ಶೇಕಡಾ 10 ದಾಟಿದರೆ ಯಕೃತ್ತಿನ ಕ್ಯಾನ್ಸರಿನ ಸಾಧ್ಯತೆ ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಲಿಂಗ, ವಯಸ್ಸು, ಎಎಫ್‌ಪಿ, ಎಲ್3 ಪಾಲು ಮತ್ತು ಡಿಸಿಪಿ ಎಂಬ ಇನ್ನೊಂದು ಪ್ರೋಟೀನು, ಇವನ್ನು ಕೂಡಿಸಿ ಗಲಾಡ್ ಎಂಬ ಅಂಕವನ್ನೂ ಈಗ ಲೆಕ್ಕ ಹಾಕುತ್ತಾರೆ. ಎಎಫ್‌ಪಿಯನ್ನೇ ಬಿಡದ ಯಕೃತ್ತಿನ ಕ್ಯಾನ್ಸರ್‌ಗಳೂ ಇವೆ. ಅಲ್ಲಿ ಎಲ್3 ಅಳೆದು ಪ್ರಯೋಜನವಿಲ್ಲ.

ಮಸೂರ ಬೇಳೆ ಎಂದಾಗ ಕೆಲವರು ನಕ್ಕಿರಿ. ಸಕ್ಕರೆ ಹಿಡಿಯುವ ಇಂಥ ಪ್ರೋಟೀನುಗಳಿಗೆ ಲೆಕ್ಟಿನ್ ಎನ್ನುತ್ತಾರೆ. 1888ರಲ್ಲಿ ಸ್ಟಿಲ್‌ಮಾರ್ಕ್ ಎಂಬಾತ ಹರಳು ಬೀಜದ ಸಾರ ಕೆಂಪು ರಕ್ತಕಣಗಳನ್ನು ಗುಡ್ಡೆಗಟ್ಟಿಸುತ್ತದೆ ಎಂದು ಕಂಡದ್ದು ಇದರ ಆರಂಭ. ನೆಲಗಡಲೆಯ ಲೆಕ್ಟಿನ್, ಹಲಸಿನ ಬೀಜದ ಜಾಕಲಿನ್ ಎರಡೂ ಕ್ಯಾನ್ಸರ್ ಕೋಶಗಳ ಮೇಲೆ ಕಾಣುವ ಟಿ ಪ್ರತಿಜನಕವನ್ನು (ಟಿಎನ್ ಮೇಲೆ ಎರಡನೆಯ ಸಕ್ಕರೆ ಕೂತ ರಚನೆ) ಹಿಡಿಯುತ್ತವೆ. ಎಂಗ್ಯಾಟ್5 ಹಾಕುವ ಕವಲನ್ನು ಗುರುತಿಸಲು ಒಂದು ಜಾತಿಯ ಹುರುಳಿಕಾಯಿ ಬೀಜದ ಲೆಕ್ಟಿನ್ ಬಳಸುತ್ತಾರೆ. ಸಕ್ಕರೆ ಸರಪಳಿಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಬಿಡಿಸಿ ನೋಡುವ ಕಾಲ ಬರುವ ಮೊದಲೇ ಬೀಜಗಳು ಆ ಕೆಲಸ ಮಾಡಿಕೊಡುತ್ತಿದ್ದವು. ಇವುಗಳನ್ನು ತಿಂದರೆ ಕ್ಯಾನ್ಸರ್ ಹೋಗುತ್ತದೆ ಎಂದು ನಾಳೆ ಯಾರಾದರೂ ವಾಟ್ಸ್ಆಪ್‌ನಲ್ಲಿ ಕಳಿಸಿದರೆ ಅದು ನಾನು ಹೇಳಿದ್ದಲ್ಲ.

ಪ್ರಾಸ್ಟೇಟ್ ಕ್ಯಾನ್ಸರಿಗೆ ಅಳೆಯುವ ಪಿಎಸ್‌ಎ ಬಗ್ಗೆ ಒಂದೇ ಮಾತು. ಅದರಲ್ಲೂ ಒಂದೇ ಎನ್-ಗ್ಲೈಕಾನ್ ಇದೆ, ಸಯಾಲಿಕ್ ಆಮ್ಲ ಯಾವ ಕೋನದಲ್ಲಿ ಕೂತಿದೆ ಎಂಬುದು ಕ್ಯಾನ್ಸರಿಗೂ ಸಾಧಾರಣ ಪ್ರಾಸ್ಟೇಟ್ ಊತಕ್ಕೂ ಬೇರೆ ಎಂಬ ವರದಿಗಳಿವೆ, ಕೆಲಸ ನಡೆಯುತ್ತಿದೆ.

ಪತ್ತೆಗೂ ಚಿಕಿತ್ಸೆಗೂ ನಡುವೆ ನಿಂತ ಒಂದು ಉದಾಹರಣೆ ಪಿಡಿ-ಎಲ್1. ರೋಗನಿರೋಧಕ ಕೋಶಗಳನ್ನು ಸುಮ್ಮನಾಗಿಸಲು ಗೆಡ್ಡೆ ಬಳಸುವ ಪ್ರೋಟೀನು ಇದು. ಆ ತಡೆಯನ್ನು ತೆಗೆಯುವ ಇಮ್ಯುನೊಥೆರಪಿಯ ಹೆಸರು ಕೇಳಿದ್ದೀರಿ. ಗೆಡ್ಡೆಯ ಮೇಲೆ ಪಿಡಿ-ಎಲ್1 ಇದೆಯೇ ಎಂದು ಬಯಾಪ್ಸಿಯ ಚೂರಿಗೆ ಪ್ರತಿಕಾಯ ಹಚ್ಚಿ ಬಣ್ಣ ನೋಡಿ, ಆಮೇಲೆ ಔಷಧ ಕೊಡಬೇಕೇ ಎಂದು ತೀರ್ಮಾನಿಸುವುದುಂಟು. ಬಣ್ಣ ಬಾರದ ಕೆಲವರಿಗೂ ಔಷಧ ಫಲಿಸುತ್ತಿತ್ತು. ಪಿಡಿ-ಎಲ್1ನಲ್ಲಿ ನಾಲ್ಕು ಕಡೆ ಎನ್-ಗ್ಲೈಕಾನ್ ಅಂಟಿರುತ್ತದೆ, ಪರೀಕ್ಷೆಯ ಪ್ರತಿಕಾಯ ಹಿಡಿಯಬೇಕಾದ ಜಾಗವನ್ನು ಆ ಸಕ್ಕರೆಯೇ ಮುಚ್ಚಿಬಿಡುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೂರಿಗೆ ಮೊದಲು ಸಕ್ಕರೆ ಕತ್ತರಿಸುವ ಕಿಣ್ವ ಹಾಕಿ, ಆಮೇಲೆ ಬಣ್ಣ ಹಚ್ಚಿದರು. ಮೊದಲು ಇಲ್ಲವೆಂದು ಬಂದಿದ್ದ ಕೆಲವು ಗೆಡ್ಡೆಗಳಲ್ಲಿ ಪಿಡಿ-ಎಲ್1 ಕಾಣಿಸಿತು, ಔಷಧ ಯಾರಿಗೆ ಫಲಿಸುತ್ತದೆ ಎಂಬ ಅಂದಾಜೂ ಸುಧಾರಿಸಿತು. ಒಂದು ಕಿಣ್ವ, ಒಂದು ಹೆಚ್ಚುವರಿ ಹಂತ. ಇಷ್ಟು ಸರಳ ಉಪಾಯ ಪ್ರಯೋಗಾಲಯಗಳ ನಿತ್ಯದ ಪದ್ಧತಿಗೆ ಬರಲು ಇನ್ನೂ ದೊಡ್ಡ ಅಧ್ಯಯನಗಳು ಬೇಕು.

ಚಿಕಿತ್ಸೆಯ ಭಾಗಕ್ಕೆ ಬಂದರೆ, ಇಲ್ಲಿ ಸಕ್ಕರೆ ಎರಡು ಕಡೆ ಇದೆ: ಗೆಡ್ಡೆಯ ಮೇಲೆ ಒಂದು, ನಾವು ಕೊಡುವ ಔಷಧದ ಮೇಲೆ ಇನ್ನೊಂದು. ಎರಡನೆಯದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಗೆಲುವು ಹೆಚ್ಚು ಸಿಕ್ಕಿರುವುದು ಅಲ್ಲಿ.

ಔಷಧವಾಗಿ ಕೊಡುವ ಪ್ರತಿಕಾಯಗಳೂ ಸಕ್ಕರೆ ಹೊತ್ತ ಪ್ರೋಟೀನುಗಳೇ. ವೈ ಆಕಾರದ ಪ್ರತಿಕಾಯದ ಕಾಂಡದಲ್ಲಿ, ಎರಡೂ ಭಾರದ ಎಳೆಗಳ 297ನೆಯ ಸ್ಥಾನದಲ್ಲಿ ಒಂದೊಂದು ಎನ್-ಗ್ಲೈಕಾನ್ ಇರುತ್ತದೆ. ಪ್ರತಿಕಾಯದ ತೋಳು ಗೆಡ್ಡೆಯನ್ನು ಹಿಡಿದರೆ, ಕಾಂಡ ಎನ್‌ಕೆ ಕೋಶ ಎಂಬ ಕೊಲ್ಲುವ ಕೋಶವನ್ನು ಕರೆಯುತ್ತದೆ. ಆ ಗ್ಲೈಕಾನಿನ ಬುಡದಲ್ಲಿ ಸಾಮಾನ್ಯವಾಗಿ ಒಂದು ಫ್ಯೂಕೋಸ್ ಇರುತ್ತದೆ. ಯಕೃತ್ತಿನ ಕಥೆಯಲ್ಲಿ ಬಂದ ಅದೇ ಫ್ಯೂಕೋಸ್, ಸೇರಿಸುವುದೂ ಎಫ್‌ಯುಟಿ8 ಎಂಬ ಅದೇ ಕಿಣ್ವ. ಆ ಒಂದು ಸಕ್ಕರೆಯನ್ನು ತೆಗೆದರೆ ಎನ್‌ಕೆ ಕೋಶದ ಗ್ರಾಹಕಕ್ಕೆ ಪ್ರತಿಕಾಯ ಅಂಟುವ ಬಿಗಿ ಸುಮಾರು 50 ಪಟ್ಟು ಏರುತ್ತದೆ ಎಂದು 2002ರಲ್ಲಿ ತೋರಿಸಿದರು. ಪ್ರತಿಕಾಯದ ಅಮೈನೋ ಆಮ್ಲಗಳಲ್ಲಿ ಒಂದನ್ನೂ ಮುಟ್ಟದೆ! ಎಫ್‌ಯುಟಿ8 ಜೀನನ್ನೇ ತೆಗೆದುಹಾಕಿದ ಹ್ಯಾಮ್‌ಸ್ಟರ್ ಕೋಶಗಳಲ್ಲಿ ತಯಾರಿಸಿದ ಮೊಗಮುಲಿಜುಮಾಬ್‌ಗೆ ಜಪಾನ್ 2012ರಲ್ಲಿ ಒಂದು ಬಗೆಯ ಟಿ-ಕೋಶ ಲ್ಯುಕೇಮಿಯಾಕ್ಕೆ ಒಪ್ಪಿಗೆ ಕೊಟ್ಟಿತು. 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಬಿನುಟುಜುಮಾಬ್‌ನಲ್ಲಿ ಬೇರೊಂದು ಕಿಣ್ವವನ್ನು ಹೆಚ್ಚಿಸಿ ಫ್ಯೂಕೋಸ್ ಕಡಿಮೆ ಮಾಡಿದ್ದಾರೆ. ಅದೇ ಗುರಿಯ ಹಳೆಯ ಪ್ರತಿಕಾಯ ರಿಟುಕ್ಸಿಮಾಬ್‌ಗಿಂತ ಕೆಲವು ರೋಗಗಳಲ್ಲಿ ಅದು ಮೇಲು. ಆದರೆ ಅದು ಗುರಿಯನ್ನು ಹಿಡಿಯುವ ರೀತಿಯೂ ಬೇರೆ, ಆದ್ದರಿಂದ ಪೂರ್ತಿ ಶ್ರೇಯ ಸಕ್ಕರೆಗೆ ಕೊಡುವುದು ನ್ಯಾಯವಲ್ಲ.

ಔಷಧದ ಮೇಲಿನ ಸಕ್ಕರೆ ತಿರುಗಿ ಬೀಳುವುದೂ ಉಂಟು. ಸೆಟುಕ್ಸಿಮಾಬ್ ಎಂಬ ಪ್ರತಿಕಾಯ ದೊಡ್ಡ ಕರುಳಿನ ಮತ್ತು ತಲೆ-ಕುತ್ತಿಗೆಯ ಕ್ಯಾನ್ಸರಿಗೆ ಕೊಡುವ ಔಷಧ. ಅಮೆರಿಕದ ಟೆನೆಸ್ಸಿ, ನಾರ್ತ್ ಕೆರೊಲಿನಾ ಭಾಗದಲ್ಲಿ ಮೊದಲ ಡೋಸಿಗೇ ನೂರರಲ್ಲಿ 22 ರೋಗಿಗಳಿಗೆ ತೀವ್ರ ಅಲರ್ಜಿ ಬಂದ ವರದಿ 2007ರಲ್ಲಿ ಬಂತು. ಬೇರೆಡೆ ಅದು ನೂರಕ್ಕೆ ಮೂರರೊಳಗಿತ್ತು. ಮೊದಲ ಡೋಸಿಗೇ ಅಲರ್ಜಿ ಬರಬೇಕಾದರೆ ಅದರ ವಿರುದ್ಧದ ಪ್ರತಿಕಾಯ ಮೊದಲೇ ದೇಹದಲ್ಲಿ ಇರಬೇಕು. ಅದು ಹೇಗೆ ಬಂತು? ಈ ಔಷಧವನ್ನು ಇಲಿಯ ಕೋಶಗಳಲ್ಲಿ ತಯಾರಿಸುತ್ತಾರೆ. ಇಲಿಯ ಕೋಶಗಳು ಆಲ್ಫಾ-ಗ್ಯಾಲ್ ಎಂಬ ಜೋಡಿ ಗ್ಯಾಲಕ್ಟೋಸನ್ನು ಸರಪಳಿಯ ತುದಿಗೆ ಹಾಕುತ್ತವೆ. ಮನುಷ್ಯರು ವಿಕಾಸದ ದಾರಿಯಲ್ಲಿ ಆ ಕಿಣ್ವವನ್ನು ಕಳೆದುಕೊಂಡಿದ್ದಾರೆ. ಅಲರ್ಜಿಯಾದ ರೋಗಿಗಳ ರಕ್ತದಲ್ಲಿ ಔಷಧ ಕೊಡುವ ಮೊದಲೇ ಆಲ್ಫಾ-ಗ್ಯಾಲ್ ವಿರುದ್ಧ ಐಜಿಇ (ಅಲರ್ಜಿ ಹುಟ್ಟಿಸುವ ಬಗೆಯ ಪ್ರತಿಕಾಯ) ಇತ್ತು ಎಂದು 2008ರಲ್ಲಿ ಥಾಮಸ್ ಪ್ಲ್ಯಾಟ್ಸ್-ಮಿಲ್ಸ್ ಅವರ ತಂಡ ತೋರಿಸಿತು. ಅದನ್ನು ಹುಟ್ಟಿಸುತ್ತಿದ್ದದ್ದು ಆ ಪ್ರದೇಶದ ಒಂದು ಜಾತಿಯ ಉಣ್ಣಿಯ (ಪ್ರಾಣಿಗಳ ಮೈಗೆ ಕಚ್ಚಿ ರಕ್ತ ಹೀರುವ ಕೀಟ) ಕಡಿತ ಎಂದು ಆಮೇಲೆ ತಿಳಿಯಿತು. ಅದೇ ಕಡಿತದಿಂದ ಮಾಂಸ ತಿಂದ ಕೆಲವು ಗಂಟೆಗಳ ಮೇಲೆ ಬರುವ ಅಲರ್ಜಿಯ ಗುಟ್ಟೂ ಬಯಲಾಯಿತು. ಕ್ಯಾನ್ಸರ್ ಔಷಧದ ಅಡ್ಡಪರಿಣಾಮವನ್ನು ಹಿಂಬಾಲಿಸಿ ಹೋದವರು ಉಣ್ಣಿಯ ಬಳಿ ಹೋಗಿ ನಿಂತರು. ಒಂದು ಪ್ರತಿಕಾಯವನ್ನು ಯಾವ ಪ್ರಾಣಿಯ ಕೋಶದಲ್ಲಿ ತಯಾರಿಸಿದ್ದಾರೆ ಎಂಬುದು ಕಾರ್ಖಾನೆಯ ಒಳವಿಷಯ ಎಂದುಕೊಂಡಿದ್ದವರಿಗೆ ಇದು ಪಾಠ. ಬಯೋಸಿಮಿಲರ್ ಔಷಧಗಳಿಗೆ (ಮೂಲ ಜೈವಿಕ ಔಷಧವನ್ನು ಹೋಲುವಂತೆ ತಯಾರಿಸಿದವು) ಒಪ್ಪಿಗೆ ಕೊಡುವಾಗ ಗ್ಲೈಕಾನ್‌ಗಳ ಹೋಲಿಕೆಯನ್ನು ಅಷ್ಟು ಕೂಲಂಕಷವಾಗಿ ನೋಡುವುದು ಇದಕ್ಕೇ.

ಇನ್ನು ಗೆಡ್ಡೆಯ ಮೇಲಿನ ಸಕ್ಕರೆಯನ್ನೇ ಗುರಿಯಾಗಿಸುವುದು. ಇಲ್ಲಿ ಸೋಲಿನಿಂದ ಶುರು ಮಾಡೋಣ. ಸಯಾಲಿಲ್-ಟಿಎನ್ ವಿರುದ್ಧ ಥೆರಾಟೋಪ್ ಎಂಬ ಲಸಿಕೆಯನ್ನು ಹರಡಿದ ಸ್ತನ ಕ್ಯಾನ್ಸರಿನ ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ ಪರೀಕ್ಷಿಸಿದರು. ಪ್ರತಿಕಾಯ ಹುಟ್ಟಿತು, ಆದರೆ ರೋಗ ಮುಂದುವರಿಯುವುದು ತಡವಾಗಲಿಲ್ಲ, ಆಯಸ್ಸೂ ಹೆಚ್ಚಲಿಲ್ಲ. ಸಕ್ಕರೆಯ ವಿರುದ್ಧ ನಮ್ಮ ರೋಗನಿರೋಧಕ ವ್ಯವಸ್ಥೆ ಕೊಡುವ ಪ್ರತಿಕ್ರಿಯೆ ಸ್ವಭಾವತಃ ಮಂದ, ನೆನಪೂ ಕಡಿಮೆ. ಆ ಸಕ್ಕರೆ ಸ್ವಂತದ್ದೂ ಆಗಿದ್ದರೆ ಕೇಳುವುದೇ ಬೇಡ.

ಲಸಿಕೆಯ ಬದಲು ಸಿದ್ಧ ಪ್ರತಿಕಾಯ ಕೊಟ್ಟಲ್ಲಿ ಗೆಲುವಿದೆ. ನ್ಯೂರೋಬ್ಲಾಸ್ಟೋಮಾ ಪುಟ್ಟ ಮಕ್ಕಳಿಗೆ ಬರುವ ಕ್ಯಾನ್ಸರ್. ಅದರ ಕೋಶಗಳ ಮೇಲೆ ಜಿಡಿ2 ಎಂಬ ಸಕ್ಕರೆ-ಕೊಬ್ಬು ದಟ್ಟವಾಗಿರುತ್ತದೆ. ಕೊಬ್ಬಿಗೂ ಸಕ್ಕರೆ ಸೇರುತ್ತದೆ ಎಂದಿದ್ದೆನಲ್ಲ, ಅದು ಇದೇ. ಜಿಡಿ2 ಹಿಡಿಯುವ ಡಿನುಟುಕ್ಸಿಮಾಬ್ ಸೇರಿಸಿದ ಇಮ್ಯುನೊಥೆರಪಿಯಿಂದ, ಅಪಾಯ ಹೆಚ್ಚಿರುವ ಮಕ್ಕಳಲ್ಲಿ ಎರಡು ವರ್ಷ ರೋಗ ಮರುಕಳಿಸದೆ ಉಳಿದವರ ಪ್ರಮಾಣ ಶೇಕಡಾ 46ರಿಂದ 66ಕ್ಕೆ ಏರಿದ್ದನ್ನು 2010ರಲ್ಲಿ ಪ್ರಕಟಿಸಿದರು. 2015ರಲ್ಲಿ ಎಫ್‌ಡಿಎ ಒಪ್ಪಿಗೆ ಬಂತು. ಇದಕ್ಕೆ ಬೆಲೆಯೂ ಇದೆ. ಜಿಡಿ2 ನೋವಿನ ನರತಂತುಗಳ ಮೇಲೂ ಇರುವುದರಿಂದ ಔಷಧ ಹರಿಯುವಾಗ ಮಕ್ಕಳಿಗೆ ತೀವ್ರ ನೋವಾಗುತ್ತದೆ, ಮಾರ್ಫೀನ್‌ನಂಥ ನೋವುನಿವಾರಕ ಜೊತೆಯಲ್ಲೇ ಕೊಡಬೇಕು. ಗೆಡ್ಡೆಯ ಮೇಲೆ ಮಾತ್ರ ಇದ್ದು ಬೇರೆಲ್ಲೂ ಇಲ್ಲದ ಸಕ್ಕರೆ ಸಿಗುವುದು ಕಷ್ಟ.

ಕೊನೆಯದಾಗಿ, ಈಗ ಎಲ್ಲರ ಕಣ್ಣಿರುವ ಕೆಲಸ. ಸಯಾಲಿಕ್ ಆಮ್ಲ ನಮ್ಮ ಎಲ್ಲ ಕೋಶಗಳ ಹೊರತುದಿಯಲ್ಲಿದೆ. ಎನ್‌ಕೆ ಕೋಶ, ಮ್ಯಾಕ್ರೋಫೇಜ್ ಮುಂತಾದ ಕಾವಲು ಕೋಶಗಳ ಮೇಲೆ ಅದನ್ನು ಮುಟ್ಟಿ ಗುರುತಿಸುವ ಸಿಗ್ಲೆಕ್ ಎಂಬ ಗ್ರಾಹಕಗಳಿವೆ. ಸಯಾಲಿಕ್ ಆಮ್ಲ ಸಿಕ್ಕರೆ 'ನಮ್ಮವರು, ಬಿಡು' ಎಂಬ ಸಂದೇಶ ಒಳಗೆ ಹೋಗುತ್ತದೆ. ಕ್ಯಾನ್ಸರ್ ಕೋಶ ಸಯಾಲಿಕ್ ಆಮ್ಲವನ್ನು ದಟ್ಟವಾಗಿ ತೊಟ್ಟು ಇದೇ ಸಂದೇಶವನ್ನು ಬಲವಾಗಿ ಕಳಿಸುತ್ತದೆ. ಕ್ಯಾರೊಲಿನ್ ಬರ್ಟೋಜಿ, 2022ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡವರು, ಜೀವಂತ ಕೋಶದ ಮೇಲಿನ ಸಕ್ಕರೆಗೆ ಗುರುತು ಅಂಟಿಸಿ ನೋಡುವ ರಾಸಾಯನಿಕ ದಾರಿ ಹುಡುಕುತ್ತಲೇ ತಮ್ಮ ಬಹುಮಾನದ ಕೆಲಸಕ್ಕೆ ಬಂದವರು. ಅವರ ತಂಡ ಸಯಾಲಿಕ್ ಆಮ್ಲ ಕತ್ತರಿಸುವ ಸಯಾಲಿಡೇಸ್ ಕಿಣ್ವವನ್ನು ಟ್ರಾಸ್ಟುಜುಮಾಬ್ ಎಂಬ ಸ್ತನ ಕ್ಯಾನ್ಸರ್ ಪ್ರತಿಕಾಯಕ್ಕೆ ಜೋಡಿಸಿತು. ಪ್ರತಿಕಾಯ ಗೆಡ್ಡೆಯನ್ನು ಹುಡುಕಿ ಹಿಡಿಯುತ್ತದೆ, ಕಿಣ್ವ ಅಲ್ಲಿನ ಸಯಾಲಿಕ್ ಆಮ್ಲವನ್ನು ಬೋಳಿಸುತ್ತದೆ, ಕಾವಲು ಕೋಶಕ್ಕೆ ತಡೆ ತೆಗೆದಂತಾಗುತ್ತದೆ. ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ನಿಧಾನವಾಯಿತು. ಅಂದಹಾಗೆ, ಫ್ಲೂ ವೈರಸ್ಸಿನ ಎಚ್1ಎನ್1 ಎಂಬ ಹೆಸರಿನ 'ಎನ್' ಕೂಡ ಇಂಥದೇ ಕತ್ತರಿ. ವೈರಸ್ಸು ಕೋಶದಿಂದ ಬಿಡಿಸಿಕೊಂಡು ಹೋಗಲು ಅದನ್ನು ಬಳಸುತ್ತದೆ.

ಹಾಗಾದರೆ ಬರೀ ಕತ್ತರಿಯನ್ನೇ ರಕ್ತಕ್ಕೆ ಬಿಟ್ಟರಾಗದೇ, ಪ್ರತಿಕಾಯಕ್ಕೆ ಕಟ್ಟುವ ಗೊಡವೆ ಯಾಕೆ ಎಂದು ನೀವು ಕೇಳಬಹುದು. ರಕ್ತದ ಪ್ರೋಟೀನುಗಳಿಂದ ಸಯಾಲಿಕ್ ಆಮ್ಲ ತೆಗೆದರೆ ಯಕೃತ್ತು ಅವನ್ನು ನಿಮಿಷಗಳಲ್ಲಿ ಎಳೆದುಹಾಕುತ್ತದೆ ಎಂದು ಆಶ್‌ವೆಲ್ ಮತ್ತು ಮೊರೆಲ್ ದಶಕಗಳ ಹಿಂದೆಯೇ ಕಂಡಿದ್ದರು. ಸಯಾಲಿಕ್ ಆಮ್ಲ ಕಳೆದುಕೊಂಡ ಪ್ಲೇಟ್‌ಲೆಟ್‌ಗಳಿಗೂ ಅದೇ ಗತಿ. ಕತ್ತರಿ ಎಲ್ಲೆಂದರಲ್ಲಿ ಓಡಾಡಿದರೆ ಗೆಡ್ಡೆಗಿಂತ ಮೊದಲು ರಕ್ತವೇ ಬಡವಾಗುತ್ತದೆ. ಸಯಾಲಿಡೇಸ್ ಆಧರಿಸಿದ ಔಷಧಗಳ ಆರಂಭದ ಹಂತದ ಪರೀಕ್ಷೆ ಮನುಷ್ಯರಲ್ಲೂ ಶುರುವಾಗಿದೆ. ಗೆಡ್ಡೆಯ ಮೇಲೆ ಸಾಕಷ್ಟು ಕತ್ತರಿಸಬೇಕು, ಪ್ಲೇಟ್‌ಲೆಟ್ ಮೇಲೆ ಕತ್ತರಿಸಬಾರದು. ಆ ಎರಡರ ನಡುವೆ ಕೈಗೆ ಸಿಗುವಷ್ಟು ಅಂತರ ಇದೆಯೇ ಎಂಬುದನ್ನು ಆ ಪರೀಕ್ಷೆಗಳು ಹೇಳಬೇಕಿದೆ.